ಜೈಲರ್‌ನಲ್ಲಿ ಆರ್‌ಸಿಬಿ ಜೆರ್ಸಿ: ರಾಜಿಯಲ್ಲಿ ಮುಗಿದ ಮೊಕದ್ದಮೆ, ಹಾಗೇ ಉಳಿದ ಪ್ರಶ್ನೆ

2023ರ ಆಗಸ್ಟ್ 10ಕ್ಕೆ ‘ಜೈಲರ್’ ತೆರೆಗೆ ಬಂತು. ತಮಿಳು ಚಿತ್ರವೇ ಆದರೂ ನಮ್ಮವರು ಅದನ್ನು ಹೊರಗಿನದೆಂದು ನೋಡಲಿಲ್ಲ. ನಾಯಕ ರಜನಿಕಾಂತ್ ಒಂದು ಕಾಲಕ್ಕೆ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಜೊತೆ ಮಂಡ್ಯದ ನರಸಿಂಹನಾಗಿ ಶಿವಣ್ಣ ಕೆಲವೇ ನಿಮಿಷ ಬಂದು, ಸೀಟಿ ಹೊಡೆಸಿಕೊಂಡು ಹೋಗುತ್ತಾರೆ. ಅದೇ ಚಿತ್ರದ ಬೇರೊಂದು ದೃಶ್ಯದಲ್ಲಿ ಒಬ್ಬ ಸುಪಾರಿ ಹಂತಕ ಬರುತ್ತಾನೆ. ಅವನ ಮೈಮೇಲೆ ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್ ತಂಡದ ಜೆರ್ಸಿ, ಬಾಯಲ್ಲಿ ಚಿತ್ರದ ಒಂದು ಹೆಣ್ಣುಪಾತ್ರದ ಬಗ್ಗೆ ಹೊಲಸು ಮಾತು. ಬೇರೆ ಯಾವ ಟೀ ಶರ್ಟ್ ಹಾಕಿದ್ದರೂ ಕತೆಗೆ ಒಂದು ಎಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ.

ವ್ಯತ್ಯಾಸವಾದದ್ದು ದೆಹಲಿ ಹೈಕೋರ್ಟಿನಲ್ಲಿ. ತಂಡದ ಮಾಲೀಕ ಸಂಸ್ಥೆ ರಾಯಲ್ ಚಾಲೆಂಜರ್ಸ್ ಸ್ಪೋರ್ಟ್ಸ್ ಪ್ರೈವೇಟ್ ಲಿಮಿಟೆಡ್ ಅದೇ ಆಗಸ್ಟಿನಲ್ಲಿ ಚಿತ್ರ ನಿರ್ಮಿಸಿದವರ ಮೇಲೆ ದಾವೆ ಹೂಡಿತು. ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರ ಮುಂದೆ ಅದು ಬಂದದ್ದೂ ಬೇಗ, ಮುಗಿದದ್ದೂ ಬೇಗ. ನಮ್ಮ ಕೋರ್ಟುಗಳಲ್ಲಿ ಸಿವಿಲ್ ದಾವೆಯೊಂದು ಚಿತ್ರ ಇನ್ನೂ ಥಿಯೇಟರಿನಲ್ಲಿ ಓಡುತ್ತಿರುವಾಗಲೇ ಇತ್ಯರ್ಥವಾಗುವುದು ಅಪರೂಪ. ಆ ಬೇಗದಲ್ಲೇ ಈ ಪ್ರಕರಣದ ಲಾಭವೂ ಇದೆ, ನಷ್ಟವೂ ಇದೆ.

ಯಾರ ಮೇಲೆ ಯಾರು

ಇದನ್ನು ಬರಿಯ ‘ಕಂಪನಿ ವಿರುದ್ಧ ಸಿನಿಮಾ’ ಎಂದು ಓದಿದರೆ ಅರ್ಧ ಸ್ವಾರಸ್ಯ ಹೋಗುತ್ತದೆ. ದಾವೆ ಹೂಡಿದ ಸಂಸ್ಥೆ ಮದ್ಯದ ಕಂಪನಿ ಯುನೈಟೆಡ್ ಸ್ಪಿರಿಟ್ಸ್‌ನ ಅಂಗಸಂಸ್ಥೆಯಾಗಿತ್ತು. ಚಿತ್ರ ಮಾಡಿದ ಸನ್ ಪಿಕ್ಚರ್ಸ್ ಸನ್ ಟಿವಿ ನೆಟ್‌ವರ್ಕ್‌ನದು, ಮತ್ತು ಸನ್ ಟಿವಿ ನೆಟ್‌ವರ್ಕ್ ಐಪಿಎಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ ತಂಡದ ಒಡೆಯ. ಅಂದರೆ ಒಂದು ಐಪಿಎಲ್ ತಂಡದ ಮಾಲೀಕರ ಚಿತ್ರದಲ್ಲಿ ಇನ್ನೊಂದು ತಂಡದ ಜೆರ್ಸಿ ಒಬ್ಬ ಕೊಲೆಗಡುಕನ ಮೈಮೇಲೆ ಕೂತಿತ್ತು.

ಇದೇ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ರಜನಿ ವೇದಿಕೆಯ ಮೇಲಿಂದ ಸನ್ ಸಂಸ್ಥೆಯ ಒಡೆಯ ಕಲಾನಿಧಿ ಮಾರನ್ ಅವರಿಗೆ, ಹೈದರಾಬಾದ್ ತಂಡಕ್ಕೆ ಒಳ್ಳೆಯ ಆಟಗಾರರನ್ನು ಹಾಕಿಕೊಳ್ಳಿ, ಸೋತಾಗ ಟಿವಿಯಲ್ಲಿ ನಿಮ್ಮ ಮಗಳು ಕಾವ್ಯಾ ಅವರ ಮುಖ ನೋಡಲಾಗುವುದಿಲ್ಲ ಎಂಬರ್ಥದ ಮಾತು ಹೇಳಿದ್ದರು. ಸಭೆ ನಕ್ಕಿತ್ತು. ಚಿತ್ರಕ್ಕೂ ಐಪಿಎಲ್‌ಗೂ ನಡುವಿನ ಗೋಡೆ ಅಷ್ಟು ತೆಳುವಾಗಿತ್ತು. ಹಾಗಂತ ಜೆರ್ಸಿಯನ್ನು ಬೇಕೆಂದೇ ಹಾಕಿಸಿದರು ಎನ್ನಲು ಬರುವುದಿಲ್ಲ. ಸೆಟ್ಟಿನಲ್ಲಿ ಚಿಲ್ಲರೆ ರೌಡಿ ಪಾತ್ರಗಳಿಗೆ ಬಟ್ಟೆ ಹೊಂದಿಸುವುದು ಎಷ್ಟು ಆತುರದ ಕೆಲಸ ಎಂಬುದನ್ನು ಬಲ್ಲವರು ಕೇಳಿದರೆ, ಬೆಳಿಗ್ಗೆ ಕಾಸ್ಟ್ಯೂಮ್ ಹುಡುಗನ ಕೈಗೆ ಏನು ಸಿಕ್ಕಿತೋ ಅದೇ ಬಂತು ಎಂದು ಹೇಳಿದರೂ ನಂಬಬಹುದು. ರಾಜಿಯಾದ ಮೇಲೆ ಆ ಚರ್ಚೆಗೆ ಜಾಗವೇ ಉಳಿಯಲಿಲ್ಲ.

ದೂರು ಏನಿತ್ತು

ಆರ್‌ಸಿಬಿ ಕಡೆಯವರ ವಾದ ಸರಳವಾಗಿತ್ತು. ನಮ್ಮ ಅನುಮತಿ ಕೇಳಿಲ್ಲ. ಜೆರ್ಸಿಯನ್ನು ಕೆಟ್ಟ ಪಾತ್ರಕ್ಕೆ ಹಾಕಿ, ಹೆಣ್ಣಿನ ಬಗ್ಗೆ ಅವಹೇಳನದ ಮಾತು ಆಡಿಸಿದ್ದೀರಿ. ಇದರಿಂದ ನಮ್ಮ ಬ್ರ್ಯಾಂಡಿನ ಹೆಸರು ಮಸುಕಾಗುತ್ತದೆ, ನಮ್ಮ ಪ್ರಾಯೋಜಕರ ಹೆಸರಿಗೂ ಏಟು ಬೀಳುತ್ತದೆ.

ಕೊನೆಯ ಮಾತೇ ನನ್ನ ಮಟ್ಟಿಗೆ ಈ ದೂರಿನ ಬೆನ್ನೆಲುಬು. ಕ್ರಿಕೆಟ್ ಜೆರ್ಸಿ ಎಂಬುದು ಒಂದು ಲೋಗೊ ಅಲ್ಲ, ಲೋಗೊಗಳ ಸಂತೆ. ಎದೆಯ ಮಧ್ಯೆ ಒಬ್ಬರು, ಎದೆಯ ಬಲಕ್ಕೆ ಒಬ್ಬರು, ತೋಳಿಗೆ ಒಬ್ಬರು, ಬೆನ್ನಿನ ಮೇಲೆ ಒಬ್ಬರು. ಒಂದೊಂದು ಜಾಗಕ್ಕೂ ಬೇರೆ ಬೇರೆ ಬೆಲೆ, ಬೇರೆ ಬೇರೆ ಕರಾರು. ಎದೆಯ ಮಧ್ಯದ ಜಾಗಕ್ಕೆ ಹೆಚ್ಚು ಹಣ ಬರುವುದು ಬ್ಯಾಟರ್ ಶತಕ ಹೊಡೆದು ಹೆಲ್ಮೆಟ್ ತೆಗೆದಾಗ ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ ಎಂಬ ಕಾರಣಕ್ಕೆ. ಸಿನಿಮಾದ ಕ್ಯಾಮೆರಾವೂ ಮನುಷ್ಯನನ್ನು ಹೆಚ್ಚಾಗಿ ಸೊಂಟದಿಂದ ಮೇಲಕ್ಕೆ ಹಿಡಿಯುತ್ತದೆ. ಮಿಡ್ ಶಾಟ್ ಅನ್ನುವುದೇ ಅದಕ್ಕೆ. ಹಾಗಾಗಿ ಹಂತಕ ಬಾಯಿ ತೆರೆದಾಗ, ದುಡ್ಡು ಕೊಟ್ಟು ಅದೇ ಜಾಗ ಹಿಡಿದ ಕಂಪನಿಯ ಹೆಸರು ಆ ಮಾತಿನ ಕೆಳಗೆ ಅಡಿಬರಹದಂತೆ ನಿಲ್ಲುತ್ತದೆ. ಆ ಕಂಪನಿಗೂ ಕತೆಗೂ ಸಂಬಂಧವಿಲ್ಲ. ಅವರು ಹಣ ಕೊಟ್ಟದ್ದು ಚಿನ್ನಸ್ವಾಮಿ ಮೈದಾನಕ್ಕೆ, ಸುಪಾರಿ ಕೊಲೆಗಲ್ಲ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. 2023 ಆರ್‌ಸಿಬಿ ಮಹಿಳಾ ತಂಡ ಕಟ್ಟಿದ ವರ್ಷ. ಜನವರಿಯಲ್ಲಿ 901 ಕೋಟಿ ರೂಪಾಯಿಗೆ ಮಹಿಳಾ ಪ್ರೀಮಿಯರ್ ಲೀಗ್‌ನ ಬೆಂಗಳೂರು ತಂಡವನ್ನು ಕೊಂಡು, ಫೆಬ್ರವರಿಯ ಹರಾಜಿನಲ್ಲಿ ಸ್ಮೃತಿ ಮಂಧಾನ ಅವರಿಗೆ 3.40 ಕೋಟಿ ಕೊಟ್ಟು, ಹೆಣ್ಣುಮಕ್ಕಳೂ ಇದೇ ಬಣ್ಣ ತೊಟ್ಟು ಆಡುತ್ತಾರೆ ಎಂದು ಊರಿಗೆಲ್ಲ ಸಾರಿದ್ದ ವರ್ಷ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಹೆಸರಿನ ಜೆರ್ಸಿ ತೊಟ್ಟವನ ಬಾಯಲ್ಲಿ ಹೆಣ್ಣನ್ನು ಹೀಯಾಳಿಸುವ ಮಾತು. ಮಾರ್ಕೆಟಿಂಗ್ ವಿಭಾಗದವರಿಗೆ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ. ಆತ ಬರೀ ಗುಂಡು ಹಾರಿಸಿ ಸುಮ್ಮನಿದ್ದಿದ್ದರೆ ಕೋರ್ಟಿನವರೆಗೆ ಹೋಗುತ್ತಿದ್ದರೋ ಇಲ್ಲವೋ ಎಂಬ ಅನುಮಾನ ನನಗಿದೆ.

ದುಡ್ಡು ಕೊಟ್ಟವರ ನಿಯಮ

ಚಿತ್ರದೊಳಗೆ ಬ್ರ್ಯಾಂಡ್ ತೋರಿಸಲು ಕಂಪನಿಯೇ ಹಣವನ್ನೋ ವಸ್ತುವನ್ನೋ ಕೊಟ್ಟಾಗ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ವಸ್ತುವನ್ನು ಒಳ್ಳೆಯ ಬೆಳಕಿನಲ್ಲಿ ತೋರಿಸಬೇಕು. ಖಳನ ಕೈಗೆ ಐಫೋನ್ ಕೊಡಲು ಆಪಲ್ ಬಿಡುವುದಿಲ್ಲ ಎಂದು ಹಾಲಿವುಡ್ ನಿರ್ದೇಶಕ ರಿಯಾನ್ ಜಾನ್ಸನ್ 2020ರಲ್ಲಿ ಒಂದು ಸಂದರ್ಶನದಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಪತ್ತೇದಾರಿ ಚಿತ್ರ ಮಾಡುವವರಿಗೆ ಇದು ದೊಡ್ಡ ಪೇಚು. ಯಾರ ಕೈಯಲ್ಲಿ ಯಾವ ಫೋನ್ ಇದೆ ಎಂದು ನೋಡಿಯೇ ಪ್ರೇಕ್ಷಕ ಕೊಲೆಗಾರನನ್ನು ಹಿಡಿದುಬಿಡುತ್ತಾನೆ.

ದುಡ್ಡು ಕೊಡದೆ ಬಂದ ಬ್ರ್ಯಾಂಡಿನದು ಬೇರೆ ಕತೆ. ಮುಂಬೈ ಕೊಳೆಗೇರಿಯ ಕತೆ ಹೇಳಿದ ‘ಸ್ಲಮ್‌ಡಾಗ್ ಮಿಲಿಯನೇರ್’ ತಯಾರಾದಾಗ, ಕೊಳೆಗೇರಿಯ ದೃಶ್ಯಗಳಲ್ಲಿ ತಮ್ಮ ಕಾರಿನ ನಕ್ಷತ್ರ ಕಾಣಬಾರದೆಂದು ಮರ್ಸಿಡಿಸ್ ಕಂಪನಿ ಹೇಳಿ, ನಿರ್ದೇಶಕ ಡ್ಯಾನಿ ಬಾಯ್ಲ್ ತಂಡ ಅದನ್ನು ಅಳಿಸಬೇಕಾಯಿತು. 2012ರ ‘ಫ್ಲೈಟ್’ ಚಿತ್ರದಲ್ಲಿ ಕುಡುಕ ಪೈಲಟ್ ಬಡ್‌ವೈಸರ್ ಹಿಡಿದದ್ದಕ್ಕೆ ಅದರ ಕಂಪನಿ ಆಕ್ಷೇಪಿಸಿ, ಲೋಗೊ ತೆಗೆಯಿರಿ ಅಥವಾ ಮಸುಕು ಮಾಡಿರಿ ಎಂದು ಕೇಳಿತ್ತು. ಬಿಯರ್ ಮಾರುವವರಿಗೆ ಕುಡುಕ ಬೇಡವಾದದ್ದು ತಮಾಷೆಯೇ, ಇರಲಿ.

ನಮ್ಮ ಸೆಟ್ಟುಗಳಲ್ಲಿ ಈ ರಗಳೆಯೇ ಬೇಡವೆಂದು ಲ್ಯಾಪ್‌ಟಾಪಿನ ಬೆನ್ನಿಗೆ ಕಪ್ಪು ಟೇಪ್ ಹಚ್ಚುತ್ತಾರೆ, ನೀರಿನ ಬಾಟಲಿಯ ಲೇಬಲ್ ಕೀಳುತ್ತಾರೆ, ಟೀ ಶರ್ಟಿನ ಮೇಲಿನ ಹೆಸರಿಗೆ ಹೊಲಿಗೆ ಹಾಕಿ ಮುಚ್ಚುತ್ತಾರೆ. ಸೀರಿಯಲ್‌ಗಳಲ್ಲಿ ಕಾರಿನ ಮುಂದೆ ಸದಾ ಒಂದು ಮಂಜಿನ ಮುದ್ದೆ ಓಡುತ್ತಿರುತ್ತದೆ. ದುಡ್ಡು ಕೊಡದ ಬ್ರ್ಯಾಂಡಿಗೆ ಪುಕ್ಕಟೆ ಪ್ರಚಾರ ಬೇಡ ಎಂಬುದು ಒಂದು ಕಾರಣ, ನೋಟಿಸ್ ಬಂದೀತು ಎಂಬುದು ಇನ್ನೊಂದು. ‘ಜೈಲರ್’ನಷ್ಟು ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಆ ಟೇಪು ಯಾಕೆ ಬೀಳಲಿಲ್ಲವೋ!

ಕೋರ್ಟಿನಲ್ಲಿ ಒಪ್ಪಿದ್ದು

ಎರಡೂ ಕಡೆಯವರು ಕೂತು ಬಗೆಹರಿಸಿಕೊಂಡಿದ್ದೇವೆ ಎಂದು ಕೋರ್ಟಿಗೆ ತಿಳಿಸಿದರು. ಒಪ್ಪಂದದ ತಿರುಳು ಇಷ್ಟು: ಆ ದೃಶ್ಯವನ್ನು ಬದಲಿಸಿ, ಜೆರ್ಸಿ ಆರ್‌ಸಿಬಿಯದೆಂದು ಗುರುತು ಸಿಗದಂತೆ ಮಾಡಬೇಕು. ಜೆರ್ಸಿಯ ಮುಖ್ಯ ಬಣ್ಣಗಳನ್ನೂ ಪ್ರಾಯೋಜಕರ ಹೆಸರುಗಳನ್ನೂ ತೆಗೆಯಬೇಕು. ಚಿತ್ರ ಆಗಲೇ ಥಿಯೇಟರಿನಲ್ಲಿ ಓಡುತ್ತಿದ್ದುದರಿಂದ ಸೆಪ್ಟೆಂಬರ್ 1ರವರೆಗೆ ಕಾಲಾವಕಾಶ. ಅದಾದ ಮೇಲೆ ಯಾವ ಥಿಯೇಟರಿನಲ್ಲೂ ಹಳೆಯ ರೂಪ ತೋರಿಸುವಂತಿಲ್ಲ. ಟಿವಿ, ಸ್ಯಾಟಲೈಟ್, ಒಟಿಟಿಗೆ ಹೋಗುವ ಪ್ರತಿ ಮಾತ್ರ ಬಿಡುಗಡೆಗೆ ಮೊದಲೇ ಬದಲಾಗಿರಬೇಕು. ನಿರ್ಮಾಪಕರ ಪರವಾಗಿ ಚಿತ್ರ ವಿತರಿಸುವವರಿಗೂ ಇದು ಅನ್ವಯ.

ದಿನಾಂಕಗಳನ್ನು ಒಮ್ಮೆ ಜೋಡಿಸಿ ನೋಡಿ. ಬಿಡುಗಡೆ ಆಗಸ್ಟ್ 10, ಗಡುವು ಸೆಪ್ಟೆಂಬರ್ 1, ಅಮೆಜಾನ್ ಪ್ರೈಮ್‌ಗೆ ಬಂದದ್ದು ಸೆಪ್ಟೆಂಬರ್ 7. ಈಗಿನ ಚಿತ್ರಗಳ ಗಳಿಕೆಯ ದೊಡ್ಡ ಪಾಲು ಮೊದಲ ಎರಡು ವಾರದಲ್ಲೇ ಬರುತ್ತದೆ. ಥಿಯೇಟರಿಗೆ ಹೋದವರಲ್ಲಿ ಬಹುಪಾಲು ಜನ ಜೆರ್ಸಿ ನೋಡಿಯೇ ಬಂದಿರುತ್ತಾರೆ. ಹಾಗಾದರೆ ಆರ್‌ಸಿಬಿಗೆ ಸಿಕ್ಕಿದ್ದೇನು? ಒಟಿಟಿ ಮತ್ತು ಟಿವಿ. ಅದೇ ದೊಡ್ಡದು. ಥಿಯೇಟರಿನಲ್ಲಿ ಆ ಶಾಟ್ ಸೆಕೆಂಡುಗಳಲ್ಲಿ ಮಾಯವಾಗುತ್ತದೆ, ಒಟಿಟಿಯಲ್ಲಿ ಅದನ್ನು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಮೀಮ್ ಮಾಡಿ ವರ್ಷಗಟ್ಟಲೆ ತಿರುಗಿಸಬಹುದು. ಅದರಲ್ಲೂ ಅಲ್ಲಿಯವರೆಗೆ ಹದಿನಾರು ಸೀಸನ್ ಆಡಿ ಒಂದೂ ಕಪ್ ಗೆಲ್ಲದಿದ್ದ, ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಗೇ ಪ್ರತಿವರ್ಷ ಗೇಲಿ ಮಾಡಿಸಿಕೊಳ್ಳುತ್ತಿದ್ದ ತಂಡಕ್ಕೆ ಚೆನ್ನೈ ಕಡೆಯ ಮೀಮ್ ಕಾರ್ಖಾನೆ ಎಂಥದ್ದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನಿರ್ಮಾಪಕರಿಗೂ ಲೆಕ್ಕ ಸರಿಯಾಗಿತ್ತು. ಗಲ್ಲಾಪೆಟ್ಟಿಗೆ ತುಂಬುತ್ತಿರುವಾಗ, ಕೆಲವು ಸೆಕೆಂಡುಗಳ ಬಟ್ಟೆಗಾಗಿ ತಡೆಯಾಜ್ಞೆಯ ಅಪಾಯ ಯಾರು ಎದುರು ಹಾಕಿಕೊಳ್ಳುತ್ತಾರೆ? ಚಿತ್ರ ಜಗತ್ತಿನಾದ್ಯಂತ 600 ಕೋಟಿ ದಾಟಿತು ಎಂದು ವರದಿಯಾಯಿತು. ಜೆರ್ಸಿಯ ಗಡುವು ಮುಗಿಯುತ್ತಿದ್ದ ಅದೇ ದಿನಗಳಲ್ಲಿ ಸನ್ ಪಿಕ್ಚರ್ಸ್‌ನವರು ರಜನಿಗೆ ಬಿಎಂಡಬ್ಲ್ಯು, ನಿರ್ದೇಶಕ ನೆಲ್ಸನ್‌ಗೆ ಪೋರ್ಶೆ ಉಡುಗೊರೆ ಕೊಟ್ಟರು. ಲೋಗೊ ಸಮೇತ ಆ ಕಾರುಗಳ ಫೋಟೊ ಪತ್ರಿಕೆ, ಚಾನೆಲ್ ಒಂದನ್ನೂ ಬಿಡದೆ ಬಂದವು. ಯಾವ ಕಾರು ಕಂಪನಿಯೂ ದೂರು ಕೊಟ್ಟಂತೆ ಕಾಣಲಿಲ್ಲ!

ಬಣ್ಣ ತೆಗೆಯುವುದೆಂದರೆ

‘ಮುಖ್ಯ ಬಣ್ಣಗಳನ್ನು ತೆಗೆಯಬೇಕು’ ಎಂದು ಕಾಗದದ ಮೇಲೆ ಬರೆಯಲು ಒಂದು ಸಾಲು ಸಾಕು. ಸಿಜಿ, ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಕೋಣೆಯಲ್ಲಿ ಕೂತವನ ಕಷ್ಟ ಬೇರೆ. ಬಟ್ಟೆ ಮೈಮೇಲೆ ಸುಕ್ಕಾಗುತ್ತದೆ. ನಟ ತಿರುಗಿದರೆ ಎದೆಯ ಅಕ್ಷರ ಓರೆಯಾಗುತ್ತದೆ. ಕೈ ಅಡ್ಡ ಬಂದರೆ ಅರ್ಧ ಮರೆಯಾಗಿ ಮತ್ತೆ ಕಾಣುತ್ತದೆ. ಒಂದೊಂದು ಫ್ರೇಮಿನಲ್ಲೂ ಬಟ್ಟೆಯ ಅಂಚಿಗೆ ಗೆರೆ ಎಳೆದು ಅದನ್ನು ಮೈಯಿಂದ ಬೇರ್ಪಡಿಸಬೇಕು. ಅವರ ಮಾತಿನಲ್ಲಿ ಇದು ರೋಟೊ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಹತ್ತು ಸೆಕೆಂಡಿನ ಶಾಟಿಗೆ 240 ಸಲ. ಲೋಗೊ ಅಳಿಸಿದರೆ ಅದರಡಿಯ ಬಟ್ಟೆಯ ನೇಯ್ಗೆ, ಮಡಿಕೆ, ನೆರಳು ಎಲ್ಲ ಹೊಸದಾಗಿ ತುಂಬಬೇಕು.

ಕೆಂಪು ಇನ್ನೂ ಹಟಮಾರಿ. ಮನುಷ್ಯನ ಚರ್ಮದಲ್ಲೇ ಕೆಂಪು ಇದೆ. ಇಡೀ ಶಾಟಿನಿಂದ ಕೆಂಪು ಇಳಿಸಿದರೆ ನಟನ ಮುಖ ಹೆಣದಂತಾಗುತ್ತದೆ. ಬಟ್ಟೆಯನ್ನಷ್ಟೇ ಬೇರ್ಪಡಿಸಿ ಬೂದುಬಣ್ಣ ಮಾಡಿದರೂ ಗದ್ದದ ಕೆಳಗೆ, ಕತ್ತಿನ ಬಳಿ ಕೆಂಪು ಬಟ್ಟೆಯಿಂದ ಚಿಮ್ಮಿದ ಬೆಳಕಿನ ಛಾಯೆ ಉಳಿದುಬಿಡುತ್ತದೆ. ಬೂದು ಶರ್ಟು ತೊಟ್ಟವನ ಗದ್ದಕ್ಕೆ ಕೆಂಪು ಎಲ್ಲಿಂದ ಬಂತು ಎಂದು ಪ್ರೇಕ್ಷಕ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಏನೋ ಸರಿಯಿಲ್ಲ ಎಂದು ಕಣ್ಣಿಗೆ ಹೊಳೆಯುತ್ತದೆ. ಅದನ್ನೂ ಕೂತು ತೊಳೆಯಬೇಕು.

ಕೆಲಸ ಮುಗಿದ ಮೇಲೆ ಥಿಯೇಟರಿಗೆ ಮುಟ್ಟಿಸುವುದು ಮಾತ್ರ ಈಗ ಸಲೀಸು. ಪ್ರಿಂಟ್ ವಾಪಸ್ ತರಿಸಿ ಕತ್ತರಿ ಹಾಕುವ ಕಾಲ ಹೋಯಿತು. ಥಿಯೇಟರಿನ ಸರ್ವರಿಗೆ ಹೋಗುವುದು ಡಿಸಿಪಿ ಎಂಬ ಫೈಲುಗಳ ಕಟ್ಟು. ಬದಲಾದ ರೀಲನ್ನಷ್ಟೇ ಕಳಿಸಿ, ಹೊಸ ಪ್ಲೇಲಿಸ್ಟಿಗೆ ಹೊಸ ಡಿಜಿಟಲ್ ಕೀ ಕೊಟ್ಟು, ಹಳೆಯದರ ಕೀ ಅವಧಿ ಮುಗಿಸಿದರೆ ಹಳೆಯ ರೂಪ ಓಡುವುದೇ ಇಲ್ಲ. ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ಮೇಲೆ ಚಿತ್ರದಲ್ಲಿ ಬದಲಾವಣೆ ಮಾಡಿದರೆ ಮಂಡಳಿಗೆ ತಿಳಿಸಬೇಕೆಂಬ ನಿಯಮ ಬೇರೆ ಇದೆ. ಇದನ್ನೆಲ್ಲ ನೋಡಿದರೆ ನಿರ್ಮಾಪಕರು ಕೇಳಿದ ಕಾಲಾವಕಾಶ ಬರೀ ನೆಪವಾಗಿರಲಿಲ್ಲ. ಗಳಿಕೆಯ ವಾರಗಳು ನಡುವೆ ಕಳೆದದ್ದು ಅವರಿಗೆ ಅನುಕೂಲವಾಯಿತು, ಅದೂ ನಿಜ.

ಹೋರಾಡಿದ್ದರೆ ಏನಾಗುತ್ತಿತ್ತು

ಇಲ್ಲಿಂದ ಮುಂದೆ ನಡೆಯದ ವಿಚಾರಣೆಯ ಮಾತು. ರಾಜಿಯಿಂದ ಬಂದ ಆದೇಶ ಕಕ್ಷಿಗಾರರನ್ನು ಕಟ್ಟಿಹಾಕುತ್ತದೆ, ಕಾನೂನಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪ್ರಶ್ನೆ ಇದು: ಚಿತ್ರದ ಪಾತ್ರವೊಂದು ನೋಂದಾಯಿತ ಚಿಹ್ನೆಯಿರುವ ಬಟ್ಟೆ ತೊಟ್ಟರೆ ಅದು ಟ್ರೇಡ್ ಮಾರ್ಕ್ ಉಲ್ಲಂಘನೆಯೇ?

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29(4)ನೇ ಉಪಕಲಂ ಹೆಸರುವಾಸಿಯಾದ ಚಿಹ್ನೆಗಳಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಬೇರೆಯದೇ ಸರಕು ಸೇವೆಗೆ ಬಳಸಿದರೂ, ಸರಿಯಾದ ಕಾರಣವಿಲ್ಲದೆ ಆ ಚಿಹ್ನೆಯ ಹೆಸರಿಗೆ ಹಾನಿ ಮಾಡಿದರೆ ಉಲ್ಲಂಘನೆ. ಆರ್‌ಸಿಬಿಗೆ ಅನುಕೂಲವಾದ ಮಾತು ಇದು. ಕಾಯ್ದೆಯ ವ್ಯಾಖ್ಯೆಯಲ್ಲಿ ಬಣ್ಣಗಳ ಸಂಯೋಜನೆಯೂ ಟ್ರೇಡ್ ಮಾರ್ಕ್ ಆಗಬಹುದು. ಲೋಗೊ ತೆಗೆದರೆ ಸಾಲದು, ಬಣ್ಣವೂ ಹೋಗಬೇಕು ಎಂಬ ಬೇಡಿಕೆಗೆ ಆ ದಿಕ್ಕಿನಿಂದಲೂ ಬಲ ಹುಡುಕಬಹುದಿತ್ತು. ಆದರೆ ಅದೇ ಉಪಕಲಂ ಚಿಹ್ನೆ ‘ವ್ಯಾಪಾರದ ಕ್ರಮದಲ್ಲಿ’ ಬಳಕೆಯಾಗಿರಬೇಕು ಎನ್ನುತ್ತದೆ. ‘ಜೈಲರ್’ ಟಿಕೆಟ್ ಮಾರಿದ್ದು ರಜನಿಯ ಹೆಸರಲ್ಲಿ. ಯಾರೋ ಒಬ್ಬ ಹಂತಕನ ಶರ್ಟು ನೋಡಿ ಟಿಕೆಟ್ ಕೊಂಡವರಿಲ್ಲ.

ಇದೇ ದೆಹಲಿ ಹೈಕೋರ್ಟು 2011ರ ಜನವರಿಯಲ್ಲಿ ಇಂಥ ಒಂದು ಪ್ರಶ್ನೆಯನ್ನು ಕೂಲಂಕಷವಾಗಿ ನೋಡಿತ್ತು. ಟಾಟಾದವರೂ ಪಾಲುದಾರರಾಗಿದ್ದ ಒಡಿಶಾದ ಧಾಮ್ರಾ ಬಂದರಿನಿಂದ ಆಲಿವ್ ರಿಡ್ಲೆ ಆಮೆಗಳಿಗೆ ಅಪಾಯ ಎಂದು ಸಾರಲು ಪರಿಸರ ಸಂಘಟನೆ ಗ್ರೀನ್‌ಪೀಸ್ ಒಂದು ಪುಟ್ಟ ಆನ್‌ಲೈನ್ ಆಟ ಮಾಡಿ, ಅದರಲ್ಲಿ ಟಾಟಾ ಲೋಗೊವನ್ನು ಆಮೆಗಳನ್ನು ಅಟ್ಟಿಸಿಕೊಂಡು ಬರುವ ರಾಕ್ಷಸನನ್ನಾಗಿ ಮಾಡಿತ್ತು. ಟಾಟಾ ಸನ್ಸ್ ತಡೆಯಾಜ್ಞೆ ಕೇಳಿತು. ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಕೊಡಲಿಲ್ಲ. ಟೀಕೆಗಾಗಿ ಚಿಹ್ನೆ ಬಳಸಿದರೆ ಅದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ನೆರಳು ಉಂಟು ಎಂಬುದು ಅಲ್ಲಿನ ಹೂರಣ. ಲೋಗೊವನ್ನೇ ರಾಕ್ಷಸ ಮಾಡಬಹುದಾದರೆ, ರಾಕ್ಷಸನಿಗೆ ಲೋಗೊ ತೊಡಿಸಬಾರದೇ?

ಅಮೆರಿಕದ ಒಂದು ತೀರ್ಪು ನಿರ್ಮಾಪಕರ ಕಡೆಗೆ ಇನ್ನೂ ಉದಾರವಾಗಿದೆ. ‘ಹ್ಯಾಂಗೋವರ್’ ಸರಣಿಯ ಎರಡನೇ ಚಿತ್ರದಲ್ಲಿ ಪಾತ್ರವೊಂದು ಲೂಯಿ ವಿಟಾನ್ ಎಂಬ ದುಬಾರಿ ಬ್ರ್ಯಾಂಡಿನ ನಕಲಿ ಬ್ಯಾಗು ತೋರಿಸಿ ಹೆಸರನ್ನೂ ತಪ್ಪಾಗಿ ಉಚ್ಚರಿಸುತ್ತದೆ. ಕಂಪನಿ ಕೋರ್ಟಿಗೆ ಹೋಯಿತು. 2012ರ ಜೂನಿನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು, ಪಾತ್ರದ ಜಂಬ ತೋರಿಸುವ ಕಲಾತ್ಮಕ ಕೆಲಸ ಆ ಬ್ಯಾಗಿಗಿದೆ, ನೋಡುವವರು ಮೋಸ ಹೋಗುವುದಿಲ್ಲ ಎಂದು ಮೊಕದ್ದಮೆಯನ್ನೇ ಬದಿಗೆ ತಳ್ಳಿತು. ಆ ಅಳತೆಗೋಲನ್ನು ‘ಜೈಲರ್’ ಮೇಲೆ ಇಟ್ಟರೆ? ಬ್ಯಾಗು ಅಲ್ಲಿ ಪಾತ್ರದ ಬಗ್ಗೆ ಏನೋ ಹೇಳುತ್ತದೆ. ಜೆರ್ಸಿ ಇಲ್ಲಿ ಏನು ಹೇಳುತ್ತದೆ? ಆತ ಬೆಂಗಳೂರಿನವನು ಎಂದೇ, ಕ್ರಿಕೆಟ್ ಹುಚ್ಚ ಎಂದೇ, ಅಥವಾ ಆ ದಿನ ಅವನಿಗೆ ಒಗೆದ ಬಟ್ಟೆ ಅದೊಂದೇ ಇತ್ತೆಂದೇ? ಹಾಗಾಗಿ ಕಲೆಯ ಸ್ವಾತಂತ್ರ್ಯದ ಹೆಸರಲ್ಲಿ ಈ ಶಾಟನ್ನು ಸಮರ್ಥಿಸಲು ಹೊರಟ ವಕೀಲರ ಕೈಯಲ್ಲಿ ಹೆಚ್ಚು ಸರಕು ಇರುತ್ತಿರಲಿಲ್ಲ.

ಆದರೂ ಒಂದು ಗಟ್ಟಿ ವಾದ ಉಳಿಯುತ್ತದೆ, ಅದು ವಾಸ್ತವದ ವಾದ. ಪಂದ್ಯದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಮುತ್ತ ನಡೆದು ನೋಡಿ. ಫುಟ್‌ಪಾತಿನಲ್ಲಿ ಹಗ್ಗ ಕಟ್ಟಿ ನೇತುಹಾಕಿದ ಡೂಪ್ಲಿಕೇಟ್ ಜೆರ್ಸಿಗಳು, ಚೌಕಾಸಿ ಮಾಡಿದಷ್ಟು ರೇಟು, ಪ್ರಾಯೋಜಕರ ಹೆಸರಿನ ಸ್ಪೆಲಿಂಗ್ ಒಂದೊಂದರಲ್ಲಿ ಒಂದೊಂದು ತರಹ. ಸೀಸನ್ ಮುಗಿದ ಮೇಲೆ ಅವೇ ಜೆರ್ಸಿಗಳು ಡೆಲಿವರಿ ಹುಡುಗರ ಮೈಮೇಲೆ, ಗ್ಯಾರೇಜಿನಲ್ಲಿ, ಹಳ್ಳಿಯ ಕಬಡ್ಡಿ ಅಂಗಳದಲ್ಲಿ, ಕೊನೆಗೆ ಬೈಕ್ ಒರೆಸುವ ಬಟ್ಟೆಯಾಗಿ ಕಾಣುತ್ತವೆ. ಈ ನಾಡಿನ ಬೀದಿಯನ್ನು ತೆರೆಯ ಮೇಲೆ ತರುವವನಿಗೆ ಆ ಬಣ್ಣವನ್ನು ತಪ್ಪಿಸುವುದೇ ಸುಳ್ಳು. ಅದನ್ನು ತೊಟ್ಟವರೆಲ್ಲ ಸಭ್ಯರೇ ಆಗಿರಬೇಕೆಂದರೆ ಅದು ಇನ್ನೂ ದೊಡ್ಡ ಸುಳ್ಳು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಆರ್‌ಸಿಬಿಯ ದೂರು ನ್ಯಾಯವಾದದ್ದು, ಆದರೆ ಪಡೆದ ಪರಿಹಾರ ದೂರಿಗಿಂತ ಒಂದು ಕೈ ದೊಡ್ಡದು. ಪ್ರಾಯೋಜಕರ ಹೆಸರು ತೆಗೆಸಿದ್ದು ಸರಿ. ತಂಡದ ಲಾಂಛನ ತೆಗೆಸಿದ್ದೂ ಸರಿ ಎನ್ನಬಹುದು, ಮಾತು ಅಷ್ಟು ಹೊಲಸಾಗಿತ್ತು. ಬಣ್ಣ? ಅದು ಮಾಲೀಕರಿಗೆ ಸೇರಿದ್ದಕ್ಕಿಂತ ಹೆಚ್ಚಾಗಿ ತೊಟ್ಟವರಿಗೆ ಸೇರಿಹೋಗಿದೆ. ತಂಡದ ಹೆಸರೇ ಒಂದು ವಿಸ್ಕಿಯಿಂದ ಬಂದದ್ದು ಎಂಬುದನ್ನು ಇಲ್ಲಿ ಮರೆಯಬಾರದು. ಮದ್ಯದ ಜಾಹೀರಾತಿಗೆ ಟಿವಿಯಲ್ಲಿ ನಿಷೇಧವಿರುವ ದೇಶದಲ್ಲಿ 2008ರಿಂದ ‘ರಾಯಲ್ ಚಾಲೆಂಜ್’ ಎಂಬ ಸದ್ದು ಮನೆಮನೆಯ ಟಿವಿಯಲ್ಲಿ ಕೇಳಿಸುತ್ತ ಬಂದಿದೆ, ಮಕ್ಕಳೂ ಅದನ್ನು ಕೂಗುತ್ತಾರೆ. ವಸ್ತುವನ್ನು ತೋರಿಸದೆ ಹೆಸರನ್ನು ಬಿತ್ತುವ ಕಲೆ ಚೆನ್ನಾಗಿ ಬಲ್ಲವರು, ಹೆಸರು ಬೇಡದ ಕಡೆ ಬಿದ್ದಾಗ ಮೊದಲು ಎಚ್ಚೆತ್ತದ್ದು ಸಹಜವೇ.

ಬೇರೆ ದಾರಿಯೂ ಇತ್ತು

2010ರಲ್ಲಿ ‘ದಬಂಗ್’ ಚಿತ್ರದ ಐಟಂ ಹಾಡಿನಲ್ಲಿ ಝಂಡು ಬಾಮ್ ಹೆಸರು ಬಂದಾಗ ಅದರ ಒಡೆಯ ಕಂಪನಿ ಇಮಾಮಿ ಮೊದಲು ಮಾಡಿದ್ದೂ ಇದನ್ನೇ, ನೋಟಿಸ್ ಕಳಿಸಿತು. ಆಮೇಲೆ ಹಾಡು ಊರೂರಲ್ಲಿ ಕುಣಿಸುತ್ತಿರುವುದನ್ನು ನೋಡಿ ಬುದ್ಧಿವಂತಿಕೆ ಮಾಡಿತು: ನಿರ್ಮಾಪಕರೊಂದಿಗೆ ರಾಜಿಯಾಗಿ, ಹಾಡಿನಲ್ಲಿ ಕುಣಿದ ಮಲೈಕಾ ಅವರನ್ನೇ ಬಾಮ್‌ನ ಜಾಹೀರಾತಿಗೆ ಹಾಕಿಕೊಂಡಿತು. ಕೇಳದೆ ಬಂದ ಪ್ರಚಾರ ಕೇಳಿ ಪಡೆದ ಪ್ರಚಾರವಾಯಿತು. ಆರ್‌ಸಿಬಿಗೆ ಈ ದಾರಿ ಮುಚ್ಚಿತ್ತು. ಬಾಮ್ ಹೆಸರಿನಲ್ಲಿ ತುಂಟತನವಿತ್ತು, ಹಂತಕನ ಮಾತಿನಲ್ಲಿ ನಂಜು ಮಾತ್ರ ಇತ್ತು. ನಂಜನ್ನು ಯಾವ ಜಾಹೀರಾತಿನವನೂ ತಿರುಗಿಸಿ ಮಾರಲಾರ.

ಸಿನಿಮಾದ ಬಲ ಆರ್‌ಸಿಬಿಗೆ ಗೊತ್ತಿಲ್ಲದೆ ಏನಿಲ್ಲ. 2024ರ ಮಾರ್ಚಿನಲ್ಲಿ ಹೆಸರನ್ನು ‘ಬೆಂಗಳೂರು’ ಎಂದು ಬದಲಿಸಲು ಹೊರಟಾಗ ಕರೆದದ್ದು ರಿಷಬ್ ಶೆಟ್ಟಿಯವರನ್ನು. ಕಂಬಳದ ವೇಷದಲ್ಲಿ ಅವರು, ಎದುರಿಗೆ ಹೆಸರು ಬರೆದ ಕೋಣಗಳು, ‘ಬ್ಯಾಂಗಲೋರ್’ ಎಂಬ ಕೋಣವನ್ನು ಅವರು ಬೇಡವೆಂದು ಆಚೆ ಕಳಿಸುತ್ತಾರೆ. ಒಂದು ತಂಡ ತೆರೆಯ ಮೇಲಿನ ಒಂದು ವ್ಯಕ್ತಿತ್ವವನ್ನು ಎರವಲು ಪಡೆದು ತನ್ನ ಹೆಸರಿಗೆ ಅಂಟಿಸಿಕೊಂಡಿತು, ಕೇಳಿ, ಒಪ್ಪಿಸಿ. ‘ಜೈಲರ್’ನಲ್ಲಿ ಆದದ್ದು ಇದೇ ಅಂಟಿಸುವ ಕೆಲಸ, ಕೇಳದೆ, ಉಲ್ಟಾ ದಿಕ್ಕಿನಲ್ಲಿ.

ಆ ಮಾರ್ಚಿನಲ್ಲೇ ಜೆರ್ಸಿಯೂ ಬದಲಾಯಿತು. ಕಪ್ಪು ಹೋಗಿ ಕೆಂಪಿನ ಜೊತೆ ಕಡುನೀಲಿ ಬಂತು. ಇದಲ್ಲದೆ 2011ರಿಂದ ಪರಿಸರದ ಹೆಸರಲ್ಲಿ ಸೀಸನ್‌ನ ಒಂದು ಪಂದ್ಯಕ್ಕೆ ತಂಡ ಹಸಿರು ತೊಡುವ ರೂಢಿಯಿದೆ. ಗುರುತು ಸಿಗದಂತೆ ‘ಮುಖ್ಯ ಬಣ್ಣಗಳನ್ನು’ ತೆಗೆಯಬೇಕೆಂದು ಕೋರ್ಟಿನ ಮುಂದೆ ಒಪ್ಪಿಸಿದ ಏಳು ತಿಂಗಳಿಗೆ, ಆ ಬಣ್ಣಗಳಲ್ಲಿ ಒಂದನ್ನು ತಂಡವೇ ಕಳಚಿಟ್ಟಿತು. ನಾಳೆ ಯಾವುದೋ ಚಿತ್ರದ ರೌಡಿ ಲೋಗೊ ಇಲ್ಲದ, ಸ್ಪಾನ್ಸರ್ ಇಲ್ಲದ, ಬರೀ ಕೆಂಪು ಕಪ್ಪಿನ ಹಳೆಯ ಟೀ ಶರ್ಟ್ ತೊಟ್ಟು ಬಂದರೆ ನೋಟಿಸ್ ಕೊಡಲು ಬರುತ್ತದೆಯೇ? ವಕೀಲರನ್ನು ಕೇಳಿದರೆ ವಾದ ಎರಡೂ ಕಡೆಗೆ ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಅದನ್ನು ಪಡೆಯಲು, ಬಿಡುಗಡೆಯ ಆತುರವಿಲ್ಲದ ಒಬ್ಬ ನಿರ್ಮಾಪಕ ರಾಜಿಗೆ ಒಪ್ಪದೆ ಕೂರಬೇಕು. ಅಂಥವನು ಸಿಗುವವರೆಗೆ ಕಾಸ್ಟ್ಯೂಮ್ ವಿಭಾಗದವರು ಅನುಮಾನ ಬಂದ ಬಟ್ಟೆಗೆಲ್ಲ ಟೇಪ್ ಹಚ್ಚುತ್ತ ಹೋಗುತ್ತಾರೆ.